ಬ್ಯಾಂಡ್ ಇದೆ, ತುಕ್ಕೂ ಇದೆ: ಗೋಧಿಯ ನಿರೋಧಕ ಜೀನ್ ಕೈಕೊಟ್ಟಾಗ ದೋಷ ಹುಡುಕುವ ಬಗೆ

ಗಿಡದ ಡಿಎನ್ಎ ಓಡಿಸಿದ ಜೆಲ್ ಮೇಲೆ ಬ್ಯಾಂಡ್, ಅಂದರೆ ಗೆರೆ, ಸ್ಪಷ್ಟವಾಗಿದೆ. ತುಕ್ಕು ರೋಗ ತಡೆಯುವ ಜೀನ್ ನಿಮ್ಮ ಗೋಧಿ ಲೈನ್‌ಗೆ ಬಂದಿದೆ ಎಂದು ಮಾರ್ಕರ್, ಅಂದರೆ ಜೀನ್ ಇದೆಯೇ ಎಂದು ತೋರಿಸುವ ಡಿಎನ್ಎ ಗುರುತು, ಹೇಳುತ್ತಿದೆ. ಹೊಲಕ್ಕೆ ಹೋಗಿ ಎಲೆ ಸವರಿದರೆ ಬೆರಳಿಗೆ ಕಂದು ಪುಡಿ ಅಂಟುತ್ತದೆ. ನಾಲ್ಕೈದು ವರ್ಷ ಕ್ರಾಸ್ ಮಾಡಿ, ಒಂದೊಂದು ಹಿಂಗಾರಿಗೂ ಕಾದು ತಂದ ಲೈನ್ ಅದು. ಆ ಪುಡಿ ನೋಡಿದಾಗ ಆಗುವ ಸಂಕಟ ನನಗೆ ಚೆನ್ನಾಗಿ ಗೊತ್ತು.

ಇಂಥ ಹೊತ್ತಿನಲ್ಲಿ ಎಲ್ಲರ ಬಾಯಲ್ಲೂ ಮೊದಲು ಬರುವ ಮಾತು ಒಂದೇ: "ರೇಸ್ ಬದಲಾಗಿದೆ." ಅಂದರೆ ಶಿಲೀಂಧ್ರ ಹೊಸ ರೂಪ ತಾಳಿದೆ, ಜೀನ್ ಸೋತಿದೆ ಎಂದು. ಹಾಗೆ ಆಗುವುದು ನಿಜವೇ. ಆದರೆ ಅದು ಕೊನೆಗೆ ಹೇಳಬೇಕಾದ ಮಾತು. ಅದಕ್ಕೂ ಮುಂಚೆ ಐದಾರು ಕಡೆ ತಡಕಿ ನೋಡಬೇಕು. ಅವುಗಳಲ್ಲಿ ಅರ್ಧಕ್ಕೆ ಖರ್ಚೇ ಇಲ್ಲ. ಬೀಜದ ಪಾಕೀಟು, ಫೀಲ್ಡ್ ಬುಕ್, ಥರ್ಮಾಮೀಟರ್, ಒಂದು ಲೆನ್ಸ್ ಇದ್ದರೆ ಸಾಕು.

ಗೋಧಿ ತಳಿ ಅಭಿವೃದ್ಧಿಯಲ್ಲಿ ಈಗಷ್ಟೇ ಕೆಲಸ ಶುರು ಮಾಡಿರುವ ವಿದ್ಯಾರ್ಥಿಗಳನ್ನು ಮನಸ್ಸಿನಲ್ಲಿಟ್ಟು ಇದನ್ನು ಬರೆದಿದ್ದೇನೆ. ಭತ್ತದ ಬೆಂಕಿ ರೋಗ, ರಾಗಿಯ ಬೆಂಕಿ ರೋಗದ ಮೇಲೆ ಕೆಲಸ ಮಾಡುವವರಿಗೂ ದಾರಿ ಹೆಚ್ಚುಕಡಿಮೆ ಇದೇ. ಜೀನ್‌ಗಳ ಹೆಸರು ಬೇರೆ, ಅಷ್ಟೇ.

ಮೊದಲ ಪ್ರಶ್ನೆ: ಅದು ತುಕ್ಕೇನಾ? ಯಾವ ತುಕ್ಕು?

ಬೆರಳಿಂದ ಉಜ್ಜಿ. ಪುಡಿ ಬಂದರೆ ತುಕ್ಕು. ಪುಡಿ ಬಾರದ ಕಂದು ಮಚ್ಚೆ ಆಗಿದ್ದರೆ ಎಲೆ ಮಚ್ಚೆ ರೋಗ ಇರಬಹುದು. ತುಕ್ಕಿನ ಜೀನ್‌ಗೂ ಅದಕ್ಕೂ ಸಂಬಂಧವೇ ಇಲ್ಲ.

ಇನ್ನೂ ಎರಡು ಗುರುತುಗಳು ಹೊಸಬರನ್ನು ದಾರಿ ತಪ್ಪಿಸುತ್ತವೆ. ಎಲ್‌ಆರ್34 ಎಂಬ ಜೀನ್ ಇರುವ ಗಿಡದಲ್ಲಿ ಎಲೆಯ ತುದಿ ತಾನಾಗಿಯೇ ಒಣಗುತ್ತದೆ. ಎಸ್‌ಆರ್2 ಇರುವ ಗಿಡದಲ್ಲಿ ತೆನೆಯ ಹೊಟ್ಟಿನ ಮೇಲೆ, ಗಿಣ್ಣಿನ ಕೆಳಗೆ ಕಪ್ಪು ಬಣ್ಣ ಬರುತ್ತದೆ. ಎರಡೂ ನೋಡಲು ರೋಗದಂತೆಯೇ ಇರುತ್ತವೆ. ನಿಜದಲ್ಲಿ ಅವು ಜೀನ್ ಗಿಡದಲ್ಲಿದೆ ಎನ್ನುವುದರ ಗುರುತು. ಎಸ್‌ಆರ್2 ಇರುವ ಒಳ್ಳೆಯ ಗಿಡಗಳನ್ನು "ತೆನೆ ಕಪ್ಪಾಗಿದೆ" ಎಂದು ಕಿತ್ತೆಸೆಯುವವರನ್ನು ಕಣ್ಣಾರೆ ಕಂಡಿದ್ದೇನೆ. ತುಂಬಾ ಬೇಸರವಾಗುತ್ತದೆ.

ಪುಡಿ ಬಂತು, ತುಕ್ಕು ಎಂದು ಗೊತ್ತಾಯಿತು ಎಂದಿಟ್ಟುಕೊಳ್ಳಿ. ಗೋಧಿಗೆ ತುಕ್ಕು ಮೂರು ಬಗೆ. ಎಲೆ ತುಕ್ಕಿನ ಗುಳ್ಳೆ ಸಣ್ಣದು, ದುಂಡಗೆ, ಕಿತ್ತಳೆ ಕಂದು. ಎಲೆಯ ಮೇಲ್ಭಾಗದಲ್ಲಿ ಚೆಲ್ಲಾಪಿಲ್ಲಿಯಾಗಿ ಇರುತ್ತದೆ. ಕಾಂಡದ ತುಕ್ಕಿನ ಗುಳ್ಳೆ ಉದ್ದ, ಕಡು ಇಟ್ಟಿಗೆ ಬಣ್ಣ. ಸಿಪ್ಪೆ ಹರಿದು ಅಂಚು ಎದ್ದು ನಿಂತಿರುತ್ತದೆ. ಕಾಂಡ, ಎಲೆಯ ಎರಡೂ ಬದಿ, ತೆನೆ ಎಲ್ಲ ಕಡೆ ಬರುತ್ತದೆ. ಹಳದಿ ತುಕ್ಕು ಗೆರೆ ಎಳೆದಂತೆ ಸಾಲಾಗಿ ಬರುತ್ತದೆ. ಅದಕ್ಕೆ ತಂಪು ಬೇಕು. ನಮ್ಮ ಉತ್ತರ ಕರ್ನಾಟಕದ ಬಿಸಿಲು ಅದಕ್ಕೆ ಒಗ್ಗುವುದಿಲ್ಲ. ಧಾರವಾಡದ ಕಡೆ ಕಾಟ ಕೊಡುವುದು ಮೊದಲ ಎರಡೇ.

ಈ ವಿಂಗಡಣೆ ಯಾಕೆ ಇಷ್ಟು ಮುಖ್ಯ? ಜೀನ್‌ಗಳ ಹೆಸರನ್ನೇ ನೋಡಿ. ಎಲ್‌ಆರ್ ಎಂದರೆ ಎಲೆ ತುಕ್ಕಿಗೆ, ಎಸ್‌ಆರ್ ಎಂದರೆ ಕಾಂಡದ ತುಕ್ಕಿಗೆ, ವೈಆರ್ ಎಂದರೆ ಹಳದಿ ತುಕ್ಕಿಗೆ. ಒಂದಕ್ಕೆ ಕಾವಲು ಕಾಯುವ ಜೀನ್ ಇನ್ನೊಂದನ್ನು ತಡೆಯಲೇಬೇಕೆಂದಿಲ್ಲ. ಇದಕ್ಕೆ ರೈ ಧಾನ್ಯದಿಂದ ಗೋಧಿಗೆ ಬಂದ 1ಆರ್‌ಎಸ್ ಎಂಬ ಕ್ರೋಮೋಸೋಮ್ ತುಂಡಿಗಿಂತ ಒಳ್ಳೆಯ ಉದಾಹರಣೆ ಬೇಡ. ಆ ಒಂದೇ ತುಂಡಿನಲ್ಲಿ ಎಸ್‌ಆರ್31, ಎಲ್‌ಆರ್26, ವೈಆರ್9, ಬೂದಿ ರೋಗ ತಡೆಯುವ ಪಿಎಂ8 ನಾಲ್ಕೂ ಒಟ್ಟಿಗೆ ಕೂತಿವೆ. ಭಾರತದಲ್ಲಿ ಎಲೆ ತುಕ್ಕಿನ 77-5ರಂಥ ರೇಸ್‌ಗಳು ಎಲ್‌ಆರ್26ನ್ನು ಯಾವತ್ತೋ ದಾಟಿವೆ. ವೈಆರ್9 ಕೂಡ ಸೋತಿದೆ. ಆದರೆ ಕಾಂಡದ ತುಕ್ಕಿನ ಎದುರು ಎಸ್‌ಆರ್31 ಇಲ್ಲಿ ಇನ್ನೂ ನಿಂತಿದೆ. ಹಾಗಾಗಿ 1ಆರ್‌ಎಸ್ ಇರುವ ನಿಮ್ಮ ಲೈನ್‌ಗೆ ಎಲೆ ತುಕ್ಕು ಬಂದರೆ ಅದು ದೋಷವೇ ಅಲ್ಲ, ಆಗಬೇಕಾದದ್ದೇ ಆಗಿದೆ. ಅದೇ ಲೈನ್‌ಗೆ ಕಾಂಡದ ತುಕ್ಕು ಬಂದರೆ ಎದೆ ಝಲ್ಲೆನ್ನಬೇಕು. ಆ ವಿಷಯಕ್ಕೆ ಕೊನೆಯಲ್ಲಿ ಬರುತ್ತೇನೆ.

ಎರಡನೇ ಪ್ರಶ್ನೆ: ಗುಳ್ಳೆ ಇದ್ದ ಮಾತ್ರಕ್ಕೆ ಗಿಡ ಸೋತಿದೆಯೇ?

ನಿರೋಧಕ ಗಿಡದ ಎಲೆ ಕನ್ನಡಿಯಂತೆ ಇರಬೇಕು ಎಂದು ಅನೇಕರು ಅಂದುಕೊಂಡಿದ್ದಾರೆ. ಹಾಗೇನಿಲ್ಲ. ಸಸಿ ಹಂತದ ಪರೀಕ್ಷೆಗೆ ಅಮೆರಿಕದ ಸ್ಟಾಕ್‌ಮನ್ ರೂಪಿಸಿದ 0ಯಿಂದ 4ರ ಅಳತೆಗೋಲನ್ನೇ ನಾವು ಈಗಲೂ ಬಳಸುತ್ತೇವೆ. 0 ಎಂದರೆ ಏನೂ ಇಲ್ಲ. ಅದರ ಮೇಲಿನದು ಬರೀ ಚುಕ್ಕೆ. 1 ಎಂದರೆ ಸಣ್ಣ ಗುಳ್ಳೆ, ಸುತ್ತ ಎಲೆ ಸತ್ತಿರುತ್ತದೆ. 2 ಎಂದರೆ ಇನ್ನೂ ಸ್ವಲ್ಪ ದೊಡ್ಡ ಗುಳ್ಳೆ, ಸುತ್ತ ಬಿಳಿಚಿದ ಇಲ್ಲವೇ ಸತ್ತ ಉಂಗುರ. ಇಲ್ಲಿಯವರೆಗೆ ನಿರೋಧಕವೇ. 3, 4 ಬಂದರೆ ಮಾತ್ರ ಗಿಡ ಸೋತಿದೆ ಎನ್ನಬೇಕು.

ಪ್ರತಿ ಜೀನ್‌ಗೂ ಅದರದ್ದೇ ಒಂದು ಮುಖಲಕ್ಷಣ ಇದೆ. ಕೆಲವು ಬರೀ ಚುಕ್ಕೆಯಲ್ಲೇ ಶಿಲೀಂಧ್ರವನ್ನು ಮುಗಿಸುತ್ತವೆ. ಎಸ್‌ಆರ್31 ಇದ್ದ ಸಸಿಯಲ್ಲಿ 1, 2 ಕಾಣುವುದು ಸಹಜ. ಅಲ್ಲಿ ಪುಡಿ ಇದೆಯಲ್ಲ ಎಂದು ಗಾಬರಿ ಬೇಡ.

ಹೊಲದಲ್ಲಿ ದೊಡ್ಡ ಗಿಡಕ್ಕೆ ಬೇರೆ ಅಳತೆ, ಮಾರ್ಪಡಿಸಿದ ಕಾಬ್ ಸ್ಕೇಲ್. ಎಷ್ಟು ಶೇಕಡಾ ಎನ್ನುವುದರ ಜೊತೆ ಗುಳ್ಳೆಯ ಬಗೆಯನ್ನೂ ಬರೆಯುತ್ತೇವೆ. 40ಎಂಆರ್ (ಎಂಆರ್ ಅಂದರೆ ಮಧ್ಯಮ ನಿರೋಧಕ) ಎಂದರೆ ಜಾಸ್ತಿ ಗುಳ್ಳೆ ಇವೆ, ಆದರೆ ಸಣ್ಣವು, ಗಿಡ ಹೋರಾಡುತ್ತಿದೆ. 40ಎಸ್ (ಎಸ್ ಅಂದರೆ ರೋಗಕ್ಕೆ ತುತ್ತಾಗುವ) ಎಂದರೆ ಗಿಡ ಕೈಚೆಲ್ಲಿದೆ. ಸಂಖ್ಯೆ ಒಂದೇ, ಅರ್ಥ ಎರಡು. ಶೇಕಡಾವನ್ನು ಮಾತ್ರ ಬರೆದು ಅಕ್ಷರ ಬಿಟ್ಟಿರುವ ಫೀಲ್ಡ್ ಬುಕ್ ಇದ್ದರೆ ಆ ದತ್ತಾಂಶ ನಂಬಬೇಡಿ. ಮತ್ತೆ ಹೋಗಿ ನೋಡಿ. ಈ ಅಳತೆಯಲ್ಲಿ ಎಲೆಯ ಸುಮಾರು 37% ಭಾಗ ನಿಜವಾಗಿ ಗುಳ್ಳೆಯಿಂದ ಮುಚ್ಚಿದರೇ 100 ಎಂದು ಲೆಕ್ಕ. ಇದು ಗೊತ್ತಿಲ್ಲದವರು ಯಾವಾಗಲೂ ಕಡಿಮೆ ಅಂಕ ಕೊಡುತ್ತಾರೆ. ಆಮೇಲೆ ಬೇರೆಯವರ ಅಂಕ ನೋಡಿ ರೋಗ ಒಮ್ಮೆಲೆ ಏರಿದೆ ಎಂದು ಹೆದರುತ್ತಾರೆ.

ಮೂರು ಸಾಲು ಬಿತ್ತಿ

ಇಷ್ಟಾದ ಮೇಲೂ ಗಿಡ ಸೋತಿದೆ ಎಂದೇ ಕಂಡರೆ, ಈ ಬರಹದ ಮುಖ್ಯ ಉಪಾಯ ಇಲ್ಲಿದೆ. ಅಕ್ಕಪಕ್ಕ ಮೂರು ಸಾಲು ಬಿತ್ತಬೇಕು. ಒಂದು ನಿಮ್ಮ ಹೊಸ ಲೈನ್. ಎರಡನೆಯದು ಜೀನ್ ಕೊಟ್ಟ ದಾನಿ ತಳಿ. ಮೂರನೆಯದು ನೀವು ಸುಧಾರಿಸಲು ಹೊರಟ ಮೂಲ ತಳಿ, ಅಂದರೆ ಜೀನ್ ಇಲ್ಲದ್ದು. ಜೊತೆಗೆ ಸುತ್ತಲೂ ಆಗ್ರಾ ಲೋಕಲ್‌ನಂಥ, ರೋಗಕ್ಕೆ ಬೇಗ ತುತ್ತಾಗುವ ಚೆಕ್ ತಳಿ. ಒಂದೇ ದಿನ ಬಿತ್ತನೆ, ಒಂದೇ ದಿನ ರೋಗಾಣು ಸಿಂಪಡಣೆ, ಒಂದೇ ದಿನ ಓದು, ಅಂದರೆ ರೋಗದ ಅಂಕ ಬರೆಯುವುದು.

ಆಮೇಲೆ ಸಾಲುಗಳೇ ಮಾತಾಡುತ್ತವೆ.

ಚೆಕ್ ತಳಿಯೂ ಹಸಿರಾಗಿ ನಳನಳಿಸುತ್ತಿದ್ದರೆ ಪರೀಕ್ಷೆಯೇ ಆಗಿಲ್ಲ. ನಿಮ್ಮ ಲೈನ್ ಬಗ್ಗೆ ಏನೂ ಹೇಳುವ ಹಾಗಿಲ್ಲ. ರೋಗ ಅಂಟಿಸುವುದರಲ್ಲಿ ತಪ್ಪಿದೆ.

ದಾನಿ ಆರೋಗ್ಯವಾಗಿದ್ದು ನಿಮ್ಮ ಲೈನ್ ಮಾತ್ರ ಕೆಟ್ಟಿದ್ದರೆ ತಪ್ಪು ನಿಮ್ಮ ಲೈನ್‌ನೊಳಗೇ ಇದೆ. ಜೀನ್ ಬಂದೇ ಇಲ್ಲ, ಅರ್ಧ ಬಂದಿದೆ, ಇಲ್ಲವೇ ಬಂದಿದ್ದರೂ ಯಾರೋ ಬಾಯಿ ಮುಚ್ಚಿಸಿದ್ದಾರೆ. ಶಿಲೀಂಧ್ರವನ್ನು ದೂರಬೇಡಿ.

ದಾನಿಯೂ ಕೆಟ್ಟಿದ್ದರೆ ಆಗ ಹವೆ, ಗಿಡದ ವಯಸ್ಸು ಅಥವಾ ರೇಸ್.

ನಿಮ್ಮ ಲೈನ್, ಮೂಲ ತಳಿ ಎರಡರಲ್ಲೂ ರೋಗ ಇದೆ, ಆದರೆ ನಿಮ್ಮ ಲೈನ್‌ನಲ್ಲಿ ಸ್ಪಷ್ಟವಾಗಿ ಕಡಿಮೆ ಎಂದಾದರೆ ಜೀನ್ ಕೆಲಸ ಮಾಡುತ್ತಿದೆ. ಅದರ ಶಕ್ತಿಯೇ ಅಷ್ಟು.

ಇಷ್ಟು ಸರಳವಾದ ಕೆಲಸವನ್ನು ನಾವು ಯಾಕೆ ಬಿಡುತ್ತೇವೆ? ಜಾಗ ಸಾಲದು ಎಂದು. ಇನ್ನೂರು ಲೈನ್ ಬಿತ್ತುವಾಗ ದಾನಿಗೆ ಎರಡು ಸಾಲು ಕೊಡಲು ಮನಸ್ಸು ಬರುವುದಿಲ್ಲ. ದಯವಿಟ್ಟು ಕೊಡಿ. ದಾನಿ ಇಲ್ಲದ ಹೊಲದಲ್ಲಿ ತುಕ್ಕು ಬಂದರೆ ಇಡೀ ಹಂಗಾಮಿನ ಓದಿಗೆ ಅರ್ಥ ಉಳಿಯುವುದಿಲ್ಲ.

ಚೆಕ್ ತಳಿಗೇ ರೋಗ ಬಾರದಿದ್ದರೆ

ಬೀಜಾಣು, ಅಂದರೆ ರೋಗ ಹರಡುವ ಆ ತುಕ್ಕಿನ ಪುಡಿ, ಸತ್ತಿರಬಹುದು. ಮೈನಸ್ 80 ಡಿಗ್ರಿಯಲ್ಲಿ ಇಟ್ಟಿದ್ದ ಬೀಜಾಣುವನ್ನು ಹೊರತೆಗೆದು ನೇರ ಸಿಂಪಡಿಸಿದರೆ ಹೆಚ್ಚಿನವು ಮೊಳೆಯುವುದಿಲ್ಲ, ನಿದ್ದೆಯಲ್ಲೇ ಇರುತ್ತವೆ. 42 ಡಿಗ್ರಿ ಆಸುಪಾಸಿನ ನೀರಿನಲ್ಲಿ ಕೊಳವೆಯನ್ನು ಐದಾರು ನಿಮಿಷ ಇಟ್ಟು ಎಬ್ಬಿಸಬೇಕು. ಸ್ಲೈಡ್ ಮೇಲೆ ನೀರು ಅಗರ್ ಹಾಕಿ ಸ್ವಲ್ಪ ಉದುರಿಸಿ. ನಾಲ್ಕೈದು ಗಂಟೆ ಬಿಟ್ಟು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಮೊಳೆತಿದೆಯೋ ಇಲ್ಲವೋ ಗೊತ್ತಾಗುತ್ತದೆ.

ಇಬ್ಬನಿ ಸಾಲದೆ ಹೋಗಿರಬಹುದು. ಎಲೆ ಮೇಲೆ ತೇವದ ಪದರ ರಾತ್ರಿಯಿಡೀ ನಿಲ್ಲಬೇಕು. ಕಾಂಡದ ತುಕ್ಕಿಗೆ ಇನ್ನೊಂದು ಷರತ್ತು ಇದೆ. ಕತ್ತಲಲ್ಲಿ ಮೊಳೆತ ಬೀಜಾಣು ಎಲೆಯೊಳಗೆ ಇಳಿಯಲು ಬೆಳಗಿನ ಬೆಳಕು ಬೇಕು, ಆ ಹೊತ್ತಿಗೆ ಎಲೆ ಇನ್ನೂ ತೇವವಾಗಿರಬೇಕು. ಕತ್ತಲ ಕೋಣೆಯಿಂದ ತೆಗೆದು ಕೂಡಲೇ ಫ್ಯಾನ್ ಕೆಳಗೆ ಒಣಗಿಸಿದರೆ ಎಲೆ ತುಕ್ಕು ಬರುತ್ತದೆ, ಕಾಂಡದ ತುಕ್ಕು ಬರುವುದಿಲ್ಲ. ನಾವು ಒಂದು ಸಲ ಮೂರು ವಾರ ಇದರ ಹಿಂದೆ ಅಲೆದಿದ್ದೇವೆ.

ಹೊಲದಲ್ಲಾದರೆ ಒಂದು ಮಾತು ಕೇಳಿ: ಪಕ್ಕದ ಪ್ಲಾಟಿಗೆ ಪ್ರೊಪಿಕೊನಜೋಲ್ ಶಿಲೀಂಧ್ರನಾಶಕ ಹೊಡೆದಿದ್ದಾರಾ? ಗಾಳಿಗೆ ತೂರಿ ಬಂದರೂ ಸಾಕು, ಪರೀಕ್ಷೆ ಹಾಳು.

ಲೈನ್‌ನೊಳಗಿನ ತಪ್ಪು

ದಾನಿ ಚೆನ್ನಾಗಿದೆ, ನಿಮ್ಮ ಲೈನ್ ಕೆಟ್ಟಿದೆ. ಇಲ್ಲಿ ನಿಲ್ಲಬೇಕು, ನಿಧಾನ ಮಾಡಬೇಕು. ನನ್ನ ಅನುಭವದಲ್ಲಿ ಹೆಚ್ಚಿನ ದೋಷಗಳು ಸಿಕ್ಕಿದ್ದು ಇದೇ ಜಾಗದಲ್ಲಿ.

ಮೊದಲು ಚೀಟಿ. ಎಲೆ ಕಿತ್ತಿದ್ದು ಯಾವ ಗಿಡದಿಂದ, ಬೀಜ ಕೊಯ್ದಿದ್ದು ಯಾವ ಗಿಡದಿಂದ? ಒಂದು ವರ್ಷ ನಮ್ಮಲ್ಲಿ ಹದಿನಾಲ್ಕನೇ ಗಿಡದ ಎಲೆಯಿಂದ ಡಿಎನ್ಎ ತೆಗೆದಿದ್ದೆವು. ಕೊಯ್ಲಿನ ದಿನ ಪಾಕೀಟಿನ ಮೇಲೆ ನಲವತ್ತೊಂದು ಎಂದು ಬರೆದಾಗಿತ್ತು. ಇದು ಗೊತ್ತಾಗುವ ಹೊತ್ತಿಗೆ ಇನ್ನೊಂದು ಹಂಗಾಮು ಕಳೆದಿತ್ತು. ಅಂದಿನಿಂದ ಒಂದೇ ಸಂಖ್ಯೆಯ ಎರಡು ಟ್ಯಾಗ್ ಬರೆದು, ಒಂದನ್ನು ಗಿಡಕ್ಕೆ ಕಟ್ಟಿ, ಇನ್ನೊಂದನ್ನು ಎಲೆಯ ಜೊತೆಗೇ ಟ್ಯೂಬಿಗೆ ಹಾಕುತ್ತೇವೆ. ಸಂಖ್ಯೆಯನ್ನು ನೋಡಿ ಬರೆದುಕೊಳ್ಳುವ ಕೆಲಸವೇ ಉಳಿಯಬಾರದು. ಅಲ್ಲೇ ತಪ್ಪಾಗುವುದು.

ಎರಡನೆಯದು, ಜೀನ್ ಅರ್ಧ ಬಂದಿರುವುದು. ಇರುವಿಕೆಯನ್ನು ಮಾತ್ರ ತೋರಿಸುವ ಮಾರ್ಕರ್ ಬಳಸಿದರೆ ಜೋಡಿಯಾಗಿ ಇದ್ದರೂ ಬ್ಯಾಂಡ್, ಒಂಟಿಯಾಗಿ ಇದ್ದರೂ ಬ್ಯಾಂಡ್. ಎರಡನೇ ಪೀಳಿಗೆಯಲ್ಲಿ ಬ್ಯಾಂಡ್ ಬಂದ ಮೂರು ಗಿಡಗಳಲ್ಲಿ ಎರಡು ಒಂಟಿ ಜೀನ್‌ನವೇ. ಅವುಗಳ ಬೀಜ ಬಿತ್ತಿದರೆ ನಾಲ್ಕರಲ್ಲಿ ಒಂದು ಸಸಿಗೆ ಜೀನ್ ಇರುವುದೇ ಇಲ್ಲ. ಹಾಗಾಗಿ ಸಾಲಿನ ಎಲ್ಲ ಗಿಡ ಕೆಟ್ಟಿವೆಯೇ, ಅಲ್ಲೊಂದು ಇಲ್ಲೊಂದು ಕೆಟ್ಟಿದೆಯೇ ಎಂದು ಬಗ್ಗಿ ನೋಡಿ. ಕಾಲುಭಾಗದಷ್ಟು ಮಾತ್ರ ಕೆಟ್ಟಿದ್ದರೆ ಉತ್ತರ ಸಿಕ್ಕಿತು. ಲೈನ್ ಸ್ಥಿರವಾಗಿದೆ ಎಂದು ಹೇಳುವ ಮುಂಚೆ ಕನಿಷ್ಠ 11 ಸಸಿಗಳನ್ನಾದರೂ ಪರೀಕ್ಷಿಸಬೇಕು. ಒಂದೂ ಕೆಡದಿದ್ದರೆ ಲೈನ್ ಶುದ್ಧ ಎಂದು 95% ಧೈರ್ಯದಿಂದ ಹೇಳಬಹುದು. 99% ಬೇಕೆಂದರೆ 17 ಸಸಿ. ನಾಲ್ಕೈದು ಸಸಿ ನೋಡಿ ತೀರ್ಮಾನ ಮಾಡುವುದು ಬೇಡ.

ಮೂರನೆಯದು ಮಾರ್ಕರ್‌ನ ದೂರ. ಎಷ್ಟೋ ಮಾರ್ಕರ್‌ಗಳು ಜೀನ್ ಅಲ್ಲ, ಜೀನ್‌ನ ನೆರೆಮನೆ. ನೆರೆಮನೆಯವರು ಊರಲ್ಲಿದ್ದಾರೆ ಅಂದ ಮಾತ್ರಕ್ಕೆ ಇವರೂ ಇರಬೇಕೆಂದಿಲ್ಲ ಅಲ್ವಾ? ಮಾರ್ಕರ್ ಜೀನ್‌ನಿಂದ 5 ಸೆಂಟಿಮಾರ್ಗನ್ ದೂರ ಇದ್ದರೆ ಪ್ರತಿ ಪೀಳಿಗೆಯಲ್ಲಿ ಎರಡೂ ಬೇರೆಯಾಗುವ ಸಂಭವ ಸುಮಾರು 5%. ಒಂದೇ ಪೀಳಿಗೆಗೆ ಇದು ಚಿಕ್ಕದು. ಐದು ಸಲ ಬ್ಯಾಕ್‌ಕ್ರಾಸ್ ಮಾಡಿದರೆ, ಅಂದರೆ ಮತ್ತೆ ಮತ್ತೆ ಮೂಲ ತಳಿಯ ಜೊತೆಗೇ ಕ್ರಾಸ್ ಮಾಡಿದರೆ, ಒಟ್ಟು ಸಂಭವ 23% ಹತ್ತಿರ ಬರುತ್ತದೆ. ಪ್ರತಿ ಸಲ ಮಾರ್ಕರ್ ಮಾತ್ರ ನೋಡಿ, ರೋಗ ಒಮ್ಮೆಯೂ ಅಂಟಿಸದೆ ಐದನೇ ಬ್ಯಾಕ್‌ಕ್ರಾಸ್‌ಗೆ ಬಂದವರು ಈ ಲೆಕ್ಕವನ್ನು ಗೋಡೆಗೆ ಬರೆದಿಟ್ಟುಕೊಳ್ಳಬೇಕು. ಜೀನ್‌ನ ಎರಡೂ ಬದಿಗೆ ಒಂದೊಂದು ಮಾರ್ಕರ್ ಇಟ್ಟರೆ ಈ ಭಯ ಬಹಳ ಮಟ್ಟಿಗೆ ಹೋಗುತ್ತದೆ. ಜೀನ್‌ನ ಒಳಗಿಂದಲೇ ಮಾಡಿದ ಮಾರ್ಕರ್ ಸಿಕ್ಕರೆ ಇನ್ನೂ ಒಳ್ಳೆಯದು.

ಎಲ್‌ಆರ್34ರ ಕಥೆ ಇಲ್ಲಿ ಕಲಿಯುವಂಥದ್ದು. 2006ರಲ್ಲಿ ಇದಕ್ಕೆ ಸಿಎಸ್‌ಎಲ್‌ವಿ34 ಎಂಬ ಮಾರ್ಕರ್ ಬಂತು. ಜೀನ್ ಇದ್ದರೆ ಬ್ಯಾಂಡ್ 150 ಬೇಸ್‌ಪೇರ್ (ಡಿಎನ್ಎ ಉದ್ದದ ಅಳತೆ), ಇಲ್ಲದಿದ್ದರೆ 229. ಎರಡೂ ರೂಪ ಕಾಣುವುದರಿಂದ ಒಂಟಿ, ಜೋಡಿ ಕೂಡ ತಿಳಿಯುತ್ತದೆ. ತುಂಬಾ ಉಪಕಾರಿ ಮಾರ್ಕರ್. ಆದರೂ ಅದು ಜೀನ್‌ನ ಪಕ್ಕದ್ದೇ ಹೊರತು ಜೀನ್ ಅಲ್ಲ. 2009ರಲ್ಲಿ ಜೀನ್ ಅನ್ನೇ ಬೇರ್ಪಡಿಸಿ ಓದಿದ ಮೇಲೆ, ಜೀನ್‌ನ ಒಳಗಿನ ವ್ಯತ್ಯಾಸವನ್ನೇ ಹಿಡಿಯುವ ಮಾರ್ಕರ್‌ಗಳು ಬಂದವು. ನಿಮ್ಮ ಲ್ಯಾಬಿನಲ್ಲಿ ಇನ್ನೂ ಹಳೆಯದೇ ನಡೆಯುತ್ತಿದ್ದರೆ, ಅನುಮಾನ ಬಂದ ಲೈನ್‌ಗಳಿಗಾದರೂ ಹೊಸದನ್ನು ಹಾಕಿ ನೋಡಿ.

ಜೆಲ್ ಬಗ್ಗೆ ಒಂದೇ ಮಾತು. ಪ್ರತಿ ಜೆಲ್‌ನಲ್ಲೂ ದಾನಿ, ಮೂಲ ತಳಿ, ಬರೀ ನೀರು ಮೂರೂ ಇರಲೇಬೇಕು. ನೀರಿನಲ್ಲಿ ಬ್ಯಾಂಡ್ ಬಂದರೆ ಆ ದಿನದ ಎಲ್ಲ ಬ್ಯಾಂಡ್‌ಗಳೂ ಸುಳ್ಳು.

ಜೀನ್ ಇದೆ, ಬಾಯಿ ಮುಚ್ಚಿದೆ

ನಾಲ್ಕನೇ ಸಾಧ್ಯತೆ ಅಪರೂಪ, ಆದರೆ ನನಗೆ ಇದರಷ್ಟು ಕುತೂಹಲ ಹುಟ್ಟಿಸುವ ವಿಷಯ ಬೇರೆ ಇಲ್ಲ. ಜೀನ್ ಸರಿಯಾಗಿ ಬಂದಿದೆ, ಜೋಡಿಯಾಗಿ ಇದೆ, ಮಾರ್ಕರ್ ನಿಖರವಾಗಿದೆ. ಆದರೂ ಹೊಸ ಮನೆಯಲ್ಲಿ ಅದು ಮಾತಾಡುವುದಿಲ್ಲ. ಆ ಮನೆಯ ಇನ್ನೊಂದು ಜೀನ್ ಅದನ್ನು ಅದುಮಿಟ್ಟಿರುತ್ತದೆ.

ಕೆನಡಾದ ಕ್ಯಾಂಥ್ಯಾಚ್ ಎಂಬ ಗೋಧಿ ಕಾಂಡದ ತುಕ್ಕಿನ ಹಲವು ರೇಸ್‌ಗಳಿಗೆ ತುತ್ತಾಗುತ್ತಿತ್ತು. 1980ರಲ್ಲಿ ಕೆರ್ಬರ್ ಮತ್ತು ಗ್ರೀನ್ ಒಂದು ವಿಚಿತ್ರ ತೋರಿಸಿದರು. ಅದರಿಂದ 7ಡಿ ಕ್ರೋಮೋಸೋಮನ್ನು ತೆಗೆದುಬಿಟ್ಟರೆ ಗಿಡ ನಿರೋಧಕವಾಗುತ್ತದೆ! ನಿರೋಧಕ ಶಕ್ತಿ ಒಳಗೆ ಇದ್ದೇ ಇತ್ತು. 7ಡಿ ಮೇಲಿನ ಒಂದು ಜೀನ್ ಅದನ್ನು ತಡೆದಿತ್ತು. ಆ ಜೀನ್ ಯಾವುದು ಎಂದು ಗೊತ್ತಾಗಲು 2020ರವರೆಗೆ ಕಾಯಬೇಕಾಯಿತು. ಬೇರೆ ಜೀನ್‌ಗಳ ಓದನ್ನು ನಿಯಂತ್ರಿಸುವ ಮೀಡಿಯೇಟರ್ ಎಂಬ ಪ್ರೋಟೀನ್ ಗುಂಪಿನ ಒಂದು ಭಾಗ ಅದು. ಬೂದಿ ರೋಗದಲ್ಲೂ ಇಂಥದ್ದೇ ಇದೆ. ರೈಯಿಂದ ಬಂದ ಪಿಎಂ8, ಗೋಧಿಯದ್ದೇ ಆದ ಪಿಎಂ3 ಇರುವ ತಳಿಯಲ್ಲಿ ಸುಮ್ಮನಾಗಬಹುದು. ಇವೆರಡೂ ಒಂದೇ ಮೂಲದ ಬಂಧುಗಳು.

ಇದು ನಮ್ಮ ಕಡೆಯವರಿಗೆ ಯಾಕೆ ಮುಖ್ಯ ಎಂದರೆ, ಜವೆ ಗೋಧಿ. ಬೆಳಗಾವಿ, ಧಾರವಾಡ, ವಿಜಯಪುರ, ಬಾಗಲಕೋಟೆ ಸೀಮೆಯಲ್ಲಿ ಇಂದಿಗೂ ಬೆಳೆಯುವ ಈ ಗೋಧಿಗೆ ಹೊರಗೆ ಖಪ್ಲಿ ಎಂದು ಹೆಸರು. ಸ್ಟಾಕ್‌ಮನ್ ಮತ್ತು ಲೆವಿನ್ ಕಾಂಡದ ತುಕ್ಕಿನ ರೇಸ್ ಗುರುತಿಸಲು ಆರಿಸಿಕೊಂಡ 12 ತಳಿಗಳಲ್ಲಿ ಖಪ್ಲಿಯೂ ಒಂದು. ಎಸ್‌ಆರ್13, ಎಸ್‌ಆರ್14 ಜೀನ್‌ಗಳು ಜಗತ್ತಿನ ಗೋಧಿಗೆ ಸಿಕ್ಕಿದ್ದು ಖಪ್ಲಿಯಿಂದ. ನಮ್ಮ ಹೋಳಿಗೆ, ಶಾವಿಗೆಯ ಗೋಧಿಯಲ್ಲಿ ಇಂಥ ಆಸ್ತಿ ಇದೆ ಎಂದು ನೆನೆದಾಗಲೆಲ್ಲ ಖುಷಿಯಾಗುತ್ತದೆ. ಆದರೆ ಜವೆ ಗೋಧಿಗೆ ಇರುವುದು ಎ ಮತ್ತು ಬಿ ಎಂಬ ಎರಡು ಗುಂಪಿನ ಕ್ರೋಮೋಸೋಮ್ ಮಾತ್ರ. ಚಪಾತಿ ಗೋಧಿಗೆ ಡಿ ಎಂಬ ಮೂರನೆಯ ಗುಂಪೂ ಇದೆ. ಅದುಮುವ ಜೀನ್‌ಗಳು ಹಲವು ಸಲ ಕಂಡಿದ್ದು ಆ ಡಿ ಗುಂಪಿನಲ್ಲೇ. ಹಾಗಾಗಿ ಜವೆಯಲ್ಲಿ ಗಟ್ಟಿಯಾಗಿ ನಿಂತ ಜೀನ್ ಚಪಾತಿ ಗೋಧಿಗೆ ಬಂದಾಗ ಮಂಕಾದರೆ ಆಶ್ಚರ್ಯಪಡಬೇಡಿ.

ಇದನ್ನು ಪತ್ತೆ ಹಚ್ಚುವುದು ಹೇಗೆ? ಅದೇ ಲೈನ್ ಅನ್ನು ಮೂರ್ನಾಲ್ಕು ಬೇರೆ ಬೇರೆ ತಳಿಗಳ ಜೊತೆ ಕ್ರಾಸ್ ಮಾಡಿ. ಒಂದು ಕ್ರಾಸಿನ ಎರಡನೇ ಪೀಳಿಗೆಯಲ್ಲಿ ನಿರೋಧಕ ಗಿಡಗಳು ಮತ್ತೆ ತಲೆಯೆತ್ತಿ, ಅವುಗಳಲ್ಲಿ ಅದೇ ಮಾರ್ಕರ್ ಇದ್ದರೆ, ಜೀನ್ ಮೊದಲಿಂದಲೂ ಇತ್ತು ಎಂದಾಯಿತು. ಎರಡು ಹಂಗಾಮು ಬೇಕು. ಹಾಗಾಗಿಯೇ ಚೀಟಿ, ಒಂಟಿ ಜೀನ್, ಮಾರ್ಕರ್ ದೂರ ಮೂರನ್ನೂ ಮುಗಿಸಿದ ಮೇಲೆ ಮಾತ್ರ ಇದಕ್ಕೆ ಕೈಹಾಕಿ.

ದಾನಿಯೂ ಕೆಟ್ಟಿದ್ದರೆ: ಮೊದಲು ವಯಸ್ಸು, ಆಮೇಲೆ ಬಿಸಿ

ಎಲ್‌ಆರ್34, ಎಲ್‌ಆರ್46, ಎಲ್‌ಆರ್67, ಎಸ್‌ಆರ್2 ಇವು ದೊಡ್ಡ ಗಿಡದ ಜೀನ್‌ಗಳು. ಟ್ರೇಯಲ್ಲಿ ಹತ್ತು ದಿನದ ಸಸಿಗೆ ರೋಗ ಅಂಟಿಸಿ 4 ಬಂತು ಎಂದರೆ ಅದು ಜೀನ್‌ನ ತಪ್ಪಲ್ಲ. ಪರೀಕ್ಷೆ ಮಾಡಿದ ವಯಸ್ಸು ತಪ್ಪು. ಇವುಗಳ ಬಲ ತೆನೆ ಹೊರಡುವ ಹೊತ್ತಿಗೆ, ತೆನೆಯ ಕೆಳಗಿನ ಕೊನೆಯ ಎಲೆಯಾದ ಫ್ಲ್ಯಾಗ್ ಎಲೆಯಲ್ಲಿ ಕಾಣುತ್ತದೆ. ಆಗಲೂ ರೋಗ ಪೂರ್ತಿ ನಿಲ್ಲುವುದಿಲ್ಲ, ನಿಧಾನವಾಗುತ್ತದೆ. ಒಂದೇ ದಿನದ ಓದು ಸಾಲದು. ವಾರಕ್ಕೊಮ್ಮೆ ಮೂರ್ನಾಲ್ಕು ಸಲ ಓದಿ, ರೋಗ ಏರುವ ವೇಗವನ್ನು ಮೂಲ ತಳಿಯ ಜೊತೆ ಹೋಲಿಸಬೇಕು. ಒಂದೇ ಜೀನ್ ಇದ್ದರೆ ಭಾರಿ ರೋಗದ ವರ್ಷ ಅದು ಸಾಕಾಗುವುದೂ ಇಲ್ಲ. ಇಂಥವು ಮೂರ್ನಾಲ್ಕು ಸೇರಿದಾಗ ಗಿಡ ಬಹುತೇಕ ಸ್ವಚ್ಛವಾಗಿ ನಿಲ್ಲುತ್ತದೆ. ಸೋಲದೆ ಹಲವು ದಶಕ ಬಾಳಿರುವುದೂ ಈ ನಿಧಾನದ ಜೀನ್‌ಗಳೇ. ನನಗೆ ಇವುಗಳ ಮೇಲೆ ವಿಶೇಷ ಗೌರವ.

ಇನ್ನು ಬಿಸಿ. ಎಸ್‌ಆರ್6 ಇದಕ್ಕೆ ಹಳೆಯ ಉದಾಹರಣೆ. 18ರಿಂದ 20 ಡಿಗ್ರಿಯಲ್ಲಿ ಗಟ್ಟಿಯಾಗಿ ತಡೆಯುತ್ತದೆ, 25 ದಾಟಿದರೆ ಸೋಲುತ್ತದೆ. ಫೆಬ್ರುವರಿಯ ಮಧ್ಯಾಹ್ನ ಗಾಜಿನಮನೆಯೊಳಗೆ ಎಷ್ಟಿರುತ್ತದೆ ಎಂದು ನೀವೇ ಹೋಗಿ ನೋಡಿ. ಇದಕ್ಕೆ ತಿರುಗುಮುರುಗಾದವೂ ಇವೆ. ಕಾಡು ಗೋಧಿಯಿಂದ ಬಂದ ವೈಆರ್36ಕ್ಕೆ 25 ಡಿಗ್ರಿಗಿಂತ ಮೇಲಿನ ಬಿಸಿ ಬೇಕು, ತಂಪಿನಲ್ಲಿ ಅದು ಕೆಲಸಕ್ಕೆ ಬರುವುದಿಲ್ಲ. ನಮ್ಮ ಖಪ್ಲಿಯ ಎಸ್‌ಆರ್13 ಕೂಡ ಬಿಸಿಯಲ್ಲಿ ಹೆಚ್ಚು ಚುರುಕು. ಬಯಲುಸೀಮೆಯ ಗೋಧಿಗೆ ಇದು ಒಳ್ಳೆಯ ಸುದ್ದಿ.

ಪರೀಕ್ಷೆ ಸುಲಭ. ದಾನಿಯ ಸಸಿಗಳನ್ನು ಎರಡು ಟ್ರೇಯಲ್ಲಿ ಬೆಳೆಸಿ. ಒಂದನ್ನು 18 ಡಿಗ್ರಿಯಲ್ಲಿ, ಇನ್ನೊಂದನ್ನು 26ರಲ್ಲಿ ಇಡಿ. ಒಂದೇ ಬೀಜಾಣು ಅಂಟಿಸಿ. ಎರಡು ವಾರ ಬಿಟ್ಟು ಎರಡರ ಅಂಕ ಬೇರೆ ಬಂದರೆ ಬಿಸಿಯೇ ಕಾರಣ. ಟ್ರೇಯ ಪಕ್ಕ ಥರ್ಮಾಮೀಟರ್ ಇಡಿ. ಗೋಡೆಯ ಮೇಲಿನ ಡಿಸ್‌ಪ್ಲೇ ನಂಬಬೇಡಿ.

ಈಗ ರೇಸ್

ಎಲ್ಲ ಮುಗಿಯಿತು. ಚೆಕ್ ಕೆಟ್ಟಿದೆ, ದಾನಿ ಕೆಟ್ಟಿದೆ, ವಯಸ್ಸು ಸರಿ ಇದೆ, ಬಿಸಿ ಸರಿ ಇದೆ. ಈಗ ಹೇಳಬಹುದು: ಬಹುಶಃ ರೇಸ್ ಬದಲಾಗಿದೆ.

ಅಗಸೆಯ ತುಕ್ಕಿನ ಮೇಲೆ ಕೆಲಸ ಮಾಡಿದ ಫ್ಲೋರ್ 1940ರ ದಶಕದಲ್ಲಿ ತೋರಿಸಿದ್ದು ಇದನ್ನೇ. ಗಿಡದಲ್ಲಿ ಒಂದು ಜೀನ್ ಇದ್ದರೆ ಶಿಲೀಂಧ್ರದಲ್ಲಿ ಅದಕ್ಕೆ ಜೋಡಿಯಾದ ಇನ್ನೊಂದಿರುತ್ತದೆ. ಗಿಡದ ಜೀನ್ ಶಿಲೀಂಧ್ರದ ಒಂದು ಪ್ರೋಟೀನ್ ಅನ್ನು ಗುರುತು ಹಿಡಿಯುತ್ತದೆ. ಆ ಪ್ರೋಟೀನ್ ಬದಲಾದರೆ, ಕಳೆದುಹೋದರೆ, ಗಿಡಕ್ಕೆ ಕಳ್ಳ ಕಾಣುವುದಿಲ್ಲ. ಎಸ್‌ಆರ್31 ಜಗತ್ತಿನ ಎಷ್ಟೋ ಗೋಧಿ ತಳಿಗಳಲ್ಲಿ ಹರಡಿತ್ತು. 1998ರಲ್ಲಿ ಉಗಾಂಡದಲ್ಲಿ ಅದನ್ನು ದಾಟಿದ ರೇಸ್ ಸಿಕ್ಕಿತು. ಅದೇ ಯುಜಿ99. ಅಲ್ಲಿಂದ ಅದು ಕೀನ್ಯಾ, ಇಥಿಯೋಪಿಯ, ಯೆಮನ್ ಮೂಲಕ 2007ರಲ್ಲಿ ಇರಾನ್ ತಲುಪಿತು. ಹಾದಿಯಲ್ಲಿ ಎಸ್‌ಆರ್24 ಅನ್ನೂ ದಾಟಿದ ರೂಪ 2006ರಲ್ಲಿ ಕೀನ್ಯಾದಲ್ಲಿ ಕಂಡಿತು.

ಒಂದು ತುಕ್ಕಿನ ಎಲೆಯಲ್ಲಿ ಮೂರ್ನಾಲ್ಕು ರೇಸ್ ಬೆರೆತಿರಬಹುದು. ಆದ್ದರಿಂದ ಕೆಟ್ಟ ಎಲೆಯಿಂದ ಒಂದೇ ಒಂದು ಗುಳ್ಳೆ ತೆಗೆದು, ಜೀನ್ ಇಲ್ಲದ ಸಸಿಯ ಮೇಲೆ ಬೆಳೆಸಿ, ಆ ಶುದ್ಧ ಬೀಜಾಣುವನ್ನು ಮತ್ತೆ ದಾನಿಗೆ ಅಂಟಿಸಿ. ಜೊತೆಗೆ ಅದೇ ಜೀನ್ ಇರುವ ಬೇರೊಂದು ತಳಿಗೂ ಅಂಟಿಸಿ. ಎಲೆ ತುಕ್ಕಿಗೆ ಥ್ಯಾಚರ್ ಹಿನ್ನೆಲೆಯಲ್ಲಿ ಒಂದೊಂದೇ ಜೀನ್ ಹಾಕಿ ಕೆನಡಾದಲ್ಲಿ ಮಾಡಿದ ಲೈನ್‌ಗಳು ಇದಕ್ಕೆಂದೇ ಇವೆ. ಎರಡರಲ್ಲೂ 3, 4 ಬಂದರೆ ನಿಮ್ಮ ಅನುಮಾನ ಗಟ್ಟಿ.

ಆದರೆ ಇದು ಮುಗಿಯುವವರೆಗೆ ಕಾಯಬೇಡಿ. ಅನುಮಾನ ಬಂದ ದಿನವೇ ಮಾದರಿ ಕಳಿಸಿ. ಶಿಮ್ಲಾದ ಫ್ಲವರ್‌ಡೇಲ್ ಕೇಂದ್ರದಲ್ಲಿ ದೇಶದ ತುಕ್ಕಿನ ರೇಸ್‌ಗಳನ್ನು ಗುರುತಿಸುವ ಕೆಲಸ ವರ್ಷವರ್ಷ ನಡೆಯುತ್ತದೆ. ಬಯಲಿನ ಬೇಸಿಗೆಯಲ್ಲಿ ತುಕ್ಕು ಸತ್ತು, ಪ್ರತಿ ವರ್ಷ ಬೆಟ್ಟಗಳಿಂದ ಮತ್ತೆ ಇಳಿದು ಬರುತ್ತದೆ ಎಂದು ಸಸ್ಯರೋಗ ವಿಜ್ಞಾನಿ ಕೆ.ಸಿ. ಮೆಹ್ತಾ ತೋರಿಸಿಕೊಟ್ಟಿದ್ದರು. ದಕ್ಷಿಣಕ್ಕೆ ಆ ಬೆಟ್ಟ ಎಂದರೆ ನೀಲಗಿರಿ, ಪಳನಿ. ನವೆಂಬರ್ ಸುಮಾರಿನ ಚಂಡಮಾರುತದ ಗಾಳಿಮಳೆ ಬೀಜಾಣುವನ್ನು ಅಲ್ಲಿಂದ ಹೊತ್ತು ತರುತ್ತದೆ. ಹಾದಿಯಲ್ಲಿ ಮೊದಲು ಸಿಗುವ ಹೊಲಗಳಲ್ಲಿ ನಮ್ಮವೂ ಸೇರಿವೆ. ಕರ್ನಾಟಕದ ಒಂದು ಎಲೆಯ ಮಾದರಿ ಮಧ್ಯ ಭಾರತದ ಗೋಧಿಗೆ ಮುನ್ಸೂಚನೆ ಆಗಬಲ್ಲದು. ಎಸ್‌ಆರ್31 ಇರುವ ಲೈನ್‌ನ ಕಾಂಡದ ಮೇಲೆ ದೊಡ್ಡ, ಹರಿದ ಅಂಚಿನ ಗುಳ್ಳೆ ಕಂಡರೆ, ಸಂಜೆಯಾಗಿದ್ದರೂ ಅಂದೇ ಗೈಡ್‌ಗೆ ಫೋನ್ ಮಾಡಿ.

ಮಾದರಿ ತೆಗೆಯುವಾಗ ತಾಜಾ ಪುಡಿ ಇರುವ ಹತ್ತು ಹನ್ನೆರಡು ಎಲೆ ಅಥವಾ ಕಾಂಡದ ತುಂಡು ಸಾಕು. ಕಪ್ಪು ತಿರುಗಿದ ಗುಳ್ಳೆ ಬೇಡ, ಅದು ಸಸಿಯ ಮೇಲೆ ಬೆಳೆಯುವುದಿಲ್ಲ. ನೆರಳಲ್ಲಿ ಒಂದು ರಾತ್ರಿ ಆರಿಸಿ. ಕಾಗದದ ಲಕೋಟೆಗೆ ಹಾಕಿ. ಪಾಲಿಥೀನ್ ಚೀಲದಲ್ಲಿ ಬೆವರಿ ಬೂಸು ಹಿಡಿಯುತ್ತದೆ. ಲಕೋಟೆಯ ಮೇಲೆ ಊರು, ತಾಲ್ಲೂಕು, ತಾರೀಖು, ತಳಿ, ಅದರಲ್ಲಿರುವ ಜೀನ್, ಕಾಬ್ ಅಂಕ ಎಲ್ಲ ಬರೆಯಿರಿ. ಮೂಲ ತಳಿಯ ಮೇಲಿನ ತುಕ್ಕನ್ನು ಇನ್ನೊಂದು ಲಕೋಟೆಯಲ್ಲಿ ಪ್ರತ್ಯೇಕವಾಗಿ ಕಳಿಸಿ. ಎರಡನ್ನೂ ಮುಟ್ಟುವ ನಡುವೆ ಕೈ ತೊಳೆಯಿರಿ. ಆಮೇಲೆ ಆ ಸಾಲಿನ ಬೀಜವನ್ನು ಗಿಡ ಗಿಡವಾಗಿ ಬೇರೆ ಬೇರೆ ಕೊಯ್ದು ತೆಗೆದಿಡಿ. ಶಿಮ್ಲಾದಿಂದ ಉತ್ತರ ಬಂದ ದಿನ ಅದೇ ಬೀಜ ಬೇಕಾಗುತ್ತದೆ.